ಲಾರಿಯ ಬೆನ್ನೆಲುಬು

ಲಾರಿಯನ್ನು ದಿನಾ ನೋಡುತ್ತೇವೆ. ಅದರ ಕೆಳಗೆ ಯಾವತ್ತಾದರೂ ಬಗ್ಗಿ ನೋಡಿದ್ದೀರಾ?

ಅಲ್ಲಿ ಎರಡು ಉದ್ದನೆಯ ಉಕ್ಕಿನ ತೊಲೆಗಳಿವೆ. ಮುಂದಿನಿಂದ ಹಿಂದಿನ ತನಕ ಹೋಗಿವೆ. ಅಡ್ಡ ತೊಲೆಗಳು ಅವನ್ನು ಹಿಡಿದುಕೊಂಡಿವೆ. ನೋಡಲು ಏಣಿಯ ಹಾಗೆ ಇದೆ. ಇದೇ ಚಾಸಿ. ಇದು ಲಾರಿಯ ಬೆನ್ನೆಲುಬು.

ಎಡಗಡೆ ಚಕ್ರದಿಂದ ಬಲಗಡೆ ಚಕ್ರಕ್ಕೆ ಅಡ್ಡಲಾಗಿ ಇರುವುದು ಅಚ್ಚು. ಇದನ್ನೇ ಆಕ್ಸೆಲ್ ಅಂತಾರೆ. ಎತ್ತಿನ ಗಾಡಿಗೂ ಅಚ್ಚು ಇದೆ ತಾನೆ? ಹಾಗೆಯೇ ಇದು. ಗಾಡಿಯ ಭಾರವೆಲ್ಲ ಇದರ ಮೇಲೆ.

ಕೆಲವರು ಲಾರಿಯನ್ನು ಉದ್ದ ಮಾಡಿಸುತ್ತಾರೆ. ಕೆಲವರು ಹೊಸ ಕೊಂಡಿ, ಪಟ್ಟಿ ಹಾಕಿಸುತ್ತಾರೆ. ಬಿರುಕು ಬಿಟ್ಟರೆ ಮುಚ್ಚಿಸುತ್ತಾರೆ. ಇದಕ್ಕೆಲ್ಲ ಬೆಸುಗೆ ಹಾಕುತ್ತಾರೆ. ಬೆಸುಗೆ ಸರಿ ಇಲ್ಲದಿದ್ದರೆ ತುಂಬಿದ ಲಾರಿ ದಾರಿಯಲ್ಲೇ ಮುರಿಯಬಹುದು. ಡ್ರೈವರ್‌ನ ಜೀವ ಹೋಗಬಹುದು. ಎದುರಿಗೆ ಬರುವವರ ಜೀವವೂ ಹೋಗಬಹುದು.

ಕಡ್ಡಿ ಬೆಸುಗೆ

ರಸ್ತೆ ಬದಿಯ ಅಂಗಡಿಗಳಲ್ಲಿ ಹೆಚ್ಚಾಗಿ ನಡೆಯುವುದು ಕಡ್ಡಿ ಬೆಸುಗೆ. ಕಡ್ಡಿಯ ಒಳಗೆ ಉಕ್ಕಿನ ತಂತಿ ಇರುತ್ತದೆ. ಹೊರಗೆ ಮದ್ದಿನ ಲೇಪ ಇರುತ್ತದೆ. ಕರೆಂಟು ಹರಿಸಿ ಕಡ್ಡಿಯನ್ನು ಉಕ್ಕಿಗೆ ತಾಗಿಸಿ ಸ್ವಲ್ಪ ಎತ್ತುತ್ತಾರೆ. ಕಿಡಿ ಹತ್ತುತ್ತದೆ. ಕಡ್ಡಿಯೂ ಉಕ್ಕೂ ಕರಗಿ ಒಂದಾಗುತ್ತವೆ. ಲೇಪ ಉರಿದು ಹೊಗೆಯಾಗುತ್ತದೆ. ಆ ಹೊಗೆ ಕರಗಿದ ಉಕ್ಕಿಗೆ ಗಾಳಿ ತಾಗದಂತೆ ಕಾಯುತ್ತದೆ.

ಪೊಟ್ಟಣ ಓದಿದ ಅಕ್ಕ

ಒಬ್ಬ ಅಕ್ಕನ ಮನೆಯಲ್ಲಿ ಸಾಲ ಮಾಡಿ ಹಳೇ ಲಾರಿ ಕೊಂಡಿದ್ದರು. ಆಕ್ಸೆಲ್‌ನಲ್ಲಿ ಬಿರುಕು ಕಂಡಿತು. ಅಕ್ಕ ಗಂಡನ ಜೊತೆ ಬೆಸುಗೆ ಅಂಗಡಿಗೆ ಹೋದಳು. ಅಲ್ಲಿ ಕಡ್ಡಿಯ ಪೊಟ್ಟಣಗಳಿದ್ದವು. ಅಕ್ಕ ಅವನ್ನು ಓದಿದಳು.

ಅಕ್ಕ: ಅಣ್ಣಾ, ಇದರ ಮೇಲೆ 6013 ಅಂತ ಬರ್ದಿದೆ. ಅದರ ಮೇಲೆ 7018 ಅಂತಿದೆ. ಏನಿದು?

ಮೇಸ್ತ್ರಿ: ಮೊದಲಿನ ಎರಡು ಅಂಕಿ ಬಲ ಹೇಳ್ತವೆ ಕಣಮ್ಮ. 60ಕ್ಕಿಂತ 70ಕ್ಕೆ ಬಲ ಜಾಸ್ತಿ. ಗೇಟು, ಕಿಟಕಿಗೆ 6013 ಸಾಕು. ಭಾರ ಹೊರೋ ಉಕ್ಕಿಗೆ 7018 ಹಾಕ್ತೀವಿ.

ಅಕ್ಕ: ಪೊಟ್ಟಣ ಯಾಕೆ ಬಿಗಿಯಾಗಿ ಮುಚ್ಚಿದ್ದೀರಿ?

ಮೇಸ್ತ್ರಿ: 7018ಕ್ಕೆ ತೇವ ಆಗಲ್ಲ. ತೇವ ಕುಡಿದ್ರೆ ಬೆಸುಗೆ ಒಳಗೆ ಹೈಡ್ರೋಜನ್ ಸೇರುತ್ತೆ. ಮೇಲೆ ಚೆಂದ ಕಾಣುತ್ತೆ, ಒಳಗೆ ಬಿರುಕು ಬಿಡುತ್ತೆ. ತೇವ ಆದ ಕಡ್ಡೀನ ಒಲೇಲಿ ಕಾಯಿಸಿ ಒಣಗಿಸಬೇಕು.

ಅಕ್ಕ: ಹಾಗಾದ್ರೆ 7018 ಹಾಕಿ ಈ ಆಕ್ಸೆಲ್ ಸರಿ ಮಾಡಿ.

ಮೇಸ್ತ್ರಿ: ಬೇಡಮ್ಮ. ಆಕ್ಸೆಲ್ ಉಕ್ಕನ್ನ ಕಾಯಿಸಿ, ತಣಿಸಿ ಹದ ಮಾಡಿರ್ತಾರೆ. ಬೆಸುಗೆ ಬಿಸಿಗೆ ಆ ಹದ ಕೆಡುತ್ತೆ. ಬೆಸುಗೆಯ ಪಕ್ಕದ ಉಕ್ಕು ಗಾಜಿನ ಬಳೆ ಹಾಗೆ ಆಗುತ್ತೆ. ಬಳೆ ಗಟ್ಟಿ ಇರುತ್ತೆ. ಆದ್ರೆ ಬಾಗಲ್ಲ, ಒಡೆಯುತ್ತೆ. ಆಕ್ಸೆಲ್ ಬದಲಾಯಿಸಿ.

ಅಕ್ಕ ಲೆಕ್ಕ ಹಾಕಿದಳು. ಬೇರೆ ಆಕ್ಸೆಲ್‌ಗೆ ದುಡ್ಡು ಜಾಸ್ತಿ. ಆದರೆ ಲಾರಿ ಓಡಿಸುವವನು ತನ್ನ ಗಂಡ. "ಬದಲಾಯಿಸೋಣ" ಅಂದಳು.

ಚಾಸಿಗೆ ಎಲ್ಲಿ ಬೇಡ?

ಚಾಸಿಯ ತೊಲೆಗೆ ಮೇಲೊಂದು ಅಂಚು, ಕೆಳಗೊಂದು ಅಂಚು ಇದೆ. ನಡುವೆ ನಿಂತ ಗೋಡೆ ಇದೆ. ಭಾರ ಬಿದ್ದಾಗ ತೊಲೆ ಬಾಗುತ್ತದೆ. ಒಂದು ಅಂಚು ಎಳೆಯುತ್ತದೆ. ಇನ್ನೊಂದು ಅಂಚು ಒತ್ತುತ್ತದೆ. ಹೆಚ್ಚು ಶ್ರಮ ಈ ಅಂಚುಗಳಿಗೆ. ಆದ್ದರಿಂದ ಅಂಚಿಗೆ ತೂತು ಕೊರೆಯಬಾರದು. ಅಂಚಿಗೆ ಪಟ್ಟಿ, ಕೊಂಡಿ ಬೆಸೆಯಬಾರದು. ಅವನ್ನು ನಡುಗೋಡೆಗೆ ನಟ್ಟು ಬೋಲ್ಟು ಹಾಕಿ ಕೂರಿಸುವುದು ಒಳ್ಳೆಯದು.

ಚಾಸಿ ಉದ್ದ ಮಾಡುವುದು ದೊಡ್ಡ ಕೆಲಸ. ಎಲ್ಲಿ ಕತ್ತರಿಸಬೇಕು, ಹೇಗೆ ಬೆಸೆಯಬೇಕು ಎಂದು ಲಾರಿ ತಯಾರಿಸಿದವರ ಪುಸ್ತಕ ಹೇಳುತ್ತದೆ. ಅದನ್ನು ನೋಡದೆ ಕತ್ತರಿಸಬಾರದು.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಡಿ. ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ತಪ್ಪು ಬದಲಾವಣೆ ಒಂದೊಂದಕ್ಕೂ ಮಾಲೀಕರಿಗೆ 5,000 ರೂಪಾಯಿ ದಂಡ ಬೀಳಬಹುದು. 6 ತಿಂಗಳವರೆಗೆ ಜೈಲೂ ಆಗಬಹುದು. ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳಿ.

ಬೆಸುಗೆಗೆ ಮುಂಚೆ

1. ಬ್ಯಾಟರಿಯ ವೈರು ಬಿಚ್ಚಿ. ಇಲ್ಲದಿದ್ದರೆ ಗಾಡಿಯ ವಿದ್ಯುತ್ ಭಾಗಗಳು ಸುಟ್ಟು ಹೋಗಬಹುದು.

2. ಅರ್ತ್ ಕ್ಲಿಪ್ಪನ್ನು ಬೆಸುಗೆಯ ಹತ್ತಿರವೇ ಹಾಕಿ. ಬಣ್ಣ, ತುಕ್ಕು ಕೆರೆದು ಹಾಕಿ. ದೂರ ಹಾಕಿದರೆ ಕರೆಂಟು ಚಕ್ರದ ಬೇರಿಂಗ್ ಮೂಲಕ ಹರಿದು ಅದನ್ನು ಕೆಡಿಸುತ್ತದೆ.

3. ಡೀಸೆಲ್ ಟ್ಯಾಂಕಿನ ಹತ್ತಿರ ಕಿಡಿ ಬೇಡ. ಖಾಲಿ ಟ್ಯಾಂಕನ್ನೂ ನಂಬಬೇಡಿ. ಒಳಗಿನ ಆವಿ ಸಿಡಿಯುತ್ತದೆ.

4. ಒದ್ದೆ ನೆಲದಲ್ಲಿ ನಿಲ್ಲಬೇಡಿ. ಒಣಗಿದ ಚರ್ಮದ ಕೈಗವಸು ಹಾಕಿ. ಹತ್ತಿ ಬಟ್ಟೆ ಉಡಿ. ನೈಲಾನ್ ಸೀರೆ ಕಿಡಿಗೆ ಕರಗಿ ಮೈಗೆ ಅಂಟುತ್ತದೆ.

5. ಬೆಸುಗೆಯ ಬೆಳಕನ್ನು ಬರಿಗಣ್ಣಿನಲ್ಲಿ ನೋಡಬೇಡಿ. ಸಹಾಯ ಮಾಡುವವರಿಗೂ ಕಪ್ಪು ಗಾಜಿನ ಮುಖವಾಡ ಬೇಕು. ಮಕ್ಕಳನ್ನು ದೂರ ಕಳಿಸಿ. ನೋಡಿದಾಗ ಏನೂ ಆಗಲಿಲ್ಲ ಅನ್ನಿಸುತ್ತದೆ. ಕೆಲವು ಗಂಟೆ ಆದಮೇಲೆ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿಯುತ್ತದೆ. ಆಗ ಕಣ್ಣು ಉಜ್ಜಬೇಡಿ. ಡಾಕ್ಟರಿಗೆ ತೋರಿಸಿ.

ಬೆಸುಗೆ ಗಂಡಸರ ಕೆಲಸ ಮಾತ್ರ ಅಲ್ಲ. ಐ.ಟಿ.ಐ.ಗಳಲ್ಲಿ ವೆಲ್ಡರ್ ಕೆಲಸ ಕಲಿಸುತ್ತಾರೆ. ಹೆಣ್ಣುಮಕ್ಕಳೂ ಸೇರಬಹುದು.

ಉತ್ತರ ಹೇಳಿ

1. ಲಾರಿಯ ಬೆನ್ನೆಲುಬು ಯಾವುದು?
2. ಮೇಸ್ತ್ರಿ ಆಕ್ಸೆಲ್‌ಗೆ ಬೆಸುಗೆ ಬೇಡ ಅಂದದ್ದು ಯಾಕೆ?
3. ಅರ್ತ್ ಕ್ಲಿಪ್ಪನ್ನು ಎಲ್ಲಿ ಹಾಕಬೇಕು?

ಬಿಟ್ಟ ಜಾಗ ತುಂಬಿ

1. ಗೇಟು, ಕಿಟಕಿಗೆ ______ ಕಡ್ಡಿ ಸಾಕು.
2. ಖಾಲಿ ಟ್ಯಾಂಕಿನ ಒಳಗಿನ ______ ಸಿಡಿಯುತ್ತದೆ.

ಮಾತಾಡಿ

ಅಕ್ಕನಿಗೆ ಓದಲು ಬಾರದಿದ್ದರೆ ಏನಾಗುತ್ತಿತ್ತು? ನಿಮ್ಮ ಕಲಿಕಾ ಕೇಂದ್ರದಲ್ಲಿ ಎಲ್ಲರೂ ಕೂತು ಮಾತಾಡಿ.