ಗುಜರಿಯಿಂದ ಬಂದ ಟ್ರಾನ್ಸ್‌ಫಾರ್ಮರ್: ಒಂದು ಎಚ್ಚರಿಕೆಯ ಪಾಠ



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಬೋರ್ಡೋ ದ್ರಾವಣ, ಕೊಳೆರೋಗ, ಕಾಂಡಕೊರಕಗಳ ವಿಚಾರ ಬರೆಯುತ್ತೇವೆ. ಈ ಸಲ ಬೇರೊಂದು ವಿಷಯವನ್ನು ಎತ್ತಿಕೊಳ್ಳಬೇಕಾಗಿ ಬಂದಿದೆ. ಅದಕ್ಕೆ ಕಾರಣ ನಾವೇ ಮಾಡಿದ ಒಂದು ತಪ್ಪು.

ಕಳೆದ ವಾರ್ಷಿಕ ಮಹಾಸಭೆಯ ದಿನ ಹಿರಿಯ ಸದಸ್ಯರೊಬ್ಬರ ಮಗ ಹಲಸಿನ ಹಲಗೆಯೊಂದನ್ನು ತಂದು ತೋರಿಸಿದ. ಅದರ ಮೇಲೆ ಮಿಂಚು ಕವಲೊಡೆದಂತೆ ಕಪ್ಪು ಚಿತ್ತಾರ. ಬಹಳ ಅಂದವಾಗಿತ್ತು. ಕಿತ್ತ ಕಾಫಿ ಬೊಡ್ಡೆಗಳಿಂದ ಮೇಜು ಮಾಡಿ ಮಾರುವವರು ನಮ್ಮ ಕಡೆ ಇದ್ದಾರೆ. ಇದೂ ಒಂದು ಉಪಕಸುಬಾದೀತೆಂದು ಸಂತೋಷಪಟ್ಟು, ನೆನಪಿನ ಕಾಣಿಕೆಗೆ ಹತ್ತು ಹಲಗೆ ಬೇಕೆಂದು ಅಲ್ಲೇ ಹೇಳಿಬಿಟ್ಟೆವು. ಹೇಗೆ ಮಾಡಿದೆ ಎಂದು ಕೇಳಲಿಲ್ಲ.

ವಾರದ ನಂತರ ಅವರ ಮನೆಗೆ ಹೋದಾಗ ಅದು ತಿಳಿಯಿತು. ಪಲ್ಪರ್ ಮನೆಯ ಒದ್ದೆ ನೆಲ. ಮೇಜಿನ ಮೇಲೆ ಗುಜರಿ ಅಂಗಡಿಯಿಂದ ತಂದ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್. ಪಕ್ಕದಲ್ಲಿ ಸೋಡಾಪುಡಿ ಕಲಸಿದ ನೀರು. "ಏನೂ ಆಗೋದಿಲ್ಲ ಮಾವ, ರಬ್ಬರ್ ಚಪ್ಪಲಿ ಹಾಕಿಕೊಂಡೇ ಮಾಡೋದು. ಮನೆಗೆ ಇ.ಎಲ್.ಸಿ.ಬಿ. ಬೇರೆ ಇದೆ" ಎಂದ ಹುಡುಗ. ನಮಗೆ ಮೈ ಜುಮ್ಮೆಂದಿತು. ನಾವು ಕೊಟ್ಟ ಆರ್ಡರಿಗಾಗಿ ಅವನು ಹತ್ತು ಸಲ ಸಾವಿನ ಎದುರು ನಿಲ್ಲುವವನಿದ್ದ.

ಆ ಪೆಟ್ಟಿಗೆಯೊಳಗೆ ಏನಿದೆ?

ಮನೆಗೆ ಬರುವ 230 ವೋಲ್ಟನ್ನು ಈ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟಿಗೆ ಏರಿಸುತ್ತದೆ. ಒಲೆಯೊಳಗಿನ ಕೆಪಾಸಿಟರ್ ಮತ್ತು ಡಯೋಡ್ ಸೇರಿ ಅದನ್ನು ಸುಮಾರು 4000 ವೋಲ್ಟಿಗೆ ಮುಟ್ಟಿಸುತ್ತವೆ. ಲೋಹದ ಕವಚ ಮುಚ್ಚಿರುವವರೆಗೆ ಇದರಿಂದ ಭಯವಿಲ್ಲ. ಬಾಗಿಲು ತೆರೆದೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚುಗಳೂ ಇರುತ್ತವೆ. ಟ್ರಾನ್ಸ್‌ಫಾರ್ಮರನ್ನು ಹೊರಗೆ ತೆಗೆದ ಮೇಲೆ ಈ ರಕ್ಷಣೆ ಯಾವುದೂ ಉಳಿಯುವುದಿಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಸಾವಿರ ವ್ಯಾಟಿನ ಕೆಲಸ ಮಾಡುವ ಟ್ರಾನ್ಸ್‌ಫಾರ್ಮರ್ 2000 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ 500 ಮಿಲಿ ಆಂಪಿಯರ್ ಹರಿಸಬಲ್ಲದು. ಎದೆಯ ಮೂಲಕ 100 ಮಿಲಿ ಆಂಪಿಯರ್ ಒಂದೆರಡು ಸೆಕೆಂಡು ಹರಿದರೆ ಹೃದಯದ ಬಡಿತ ತಪ್ಪಿ ಸಾವು ಬರಬಹುದು. ಒಣ ಚರ್ಮ 230 ವೋಲ್ಟನ್ನು ಒಂದಿಷ್ಟು ತಡೆದೀತು; 2000 ವೋಲ್ಟಿಗೆ ಚರ್ಮದ ತಡೆಯೇ ಮುರಿದುಬೀಳುತ್ತದೆ. ಕೈಕಾಲಿನ ಸ್ನಾಯು ಸೆಟೆದುಕೊಳ್ಳುವುದರಿಂದ ಹಿಡಿದದ್ದನ್ನು ಬಿಡಲೂ ಆಗದು.

11 ಕೆ.ವಿ. ಲೈನಿಗೆ ಅಲ್ಯೂಮಿನಿಯಂ ಏಣಿ ತಗುಲಿ ಮೆಣಸು ಕೊಯ್ಯುವವರು ಸತ್ತದ್ದನ್ನು ನಾವೆಲ್ಲ ಕೇಳಿದ್ದೇವೆ. ಆ ಲೈನು ತಲೆಯ ಮೇಲೆ ಎತ್ತರದಲ್ಲಿರುತ್ತದೆ, ಕಂಡರೆ ಹೆದರುತ್ತೇವೆ. ಇದು ಮೇಜಿನ ಮೇಲೆ, ಕೈಗೆಟಕುವಲ್ಲಿ ಇರುತ್ತದೆ.

ಮೂರು ತಪ್ಪು ನಂಬಿಕೆಗಳು

1. "ಇ.ಎಲ್.ಸಿ.ಬಿ. ಕಾಪಾಡುತ್ತದೆ." ಇಲ್ಲ. ಫೇಸಿನಲ್ಲಿ ಹೋದ ವಿದ್ಯುತ್ತು ನ್ಯೂಟ್ರಲ್‌ನಲ್ಲಿ ಹಿಂದಿರುಗದೆ ಭೂಮಿಗೆ ಸೋರಿದರೆ ಮಾತ್ರ ಆ ಉಪಕರಣ ಕಡಿಯುತ್ತದೆ. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವೆ ಇರುವುದು ಕಾಂತದ ಸಂಬಂಧ, ತಂತಿಯ ಸಂಬಂಧವಲ್ಲ. ಎರಡನೆಯ ಸುರುಳಿಯಿಂದ ಹೊರಟ ವಿದ್ಯುತ್ತು ನಮ್ಮ ದೇಹವನ್ನು ಹಾದು ಆ ಸುರುಳಿಗೇ ಹಿಂದಿರುಗುತ್ತದೆ. ಮೊದಲನೆಯ ಸುರುಳಿಯ ಕಡೆ ಲೆಕ್ಕ ಸರಿಯಾಗಿಯೇ ಇರುವುದರಿಂದ ಇ.ಎಲ್.ಸಿ.ಬಿ.ಗೆ ಏನೂ ತಿಳಿಯುವುದಿಲ್ಲ. ಫ್ಯೂಸಿಗೂ ಇದು ಮಾಮೂಲಿ ಹೊರೆಯಾಗಿ ಕಾಣುತ್ತದೆ.

2. "ರಬ್ಬರ್ ಚಪ್ಪಲಿ, ಗ್ಲೌಸು ಸಾಕು." ಅಂಗಡಿಯಲ್ಲಿ ಸಿಗುವ ಚಪ್ಪಲಿ, ಗ್ಲೌಸುಗಳು ಈ ವೋಲ್ಟಿಗೆ ಪರೀಕ್ಷೆಯಾದವಲ್ಲ. ಒಂದು ಕೈ ಒಂದು ತಂತಿಗೆ, ಇನ್ನೊಂದು ಕೈ ಮತ್ತೊಂದಕ್ಕೆ ತಗುಲಿದರೆ ಕಾಲಿನ ಚಪ್ಪಲಿಯಿಂದ ಪ್ರಯೋಜನವೇ ಇಲ್ಲ. ವಿದ್ಯುತ್ತು ನೇರವಾಗಿ ಎದೆಯನ್ನು ಹಾಯುತ್ತದೆ. ಮೇಲಾಗಿ ಮರವನ್ನು ಸೋಡಾ ನೀರಿನಲ್ಲಿ ನೆನೆಸಿರುತ್ತಾರೆ. ಮಳೆಗಾಲದ ಮಲೆನಾಡಿನಲ್ಲಿ ಒಣಗಿರುವ ವಸ್ತು ಯಾವುದಿದೆ?

3. "ಬೇಲಿಯ ಮೆಷೀನಿನಲ್ಲಿ ಇದಕ್ಕಿಂತ ಹೆಚ್ಚು ವೋಲ್ಟ್ ಇಲ್ಲವೇ?" ಇದೆ. ಆದರೆ ಪ್ರಮಾಣಿತ ಸೌರಬೇಲಿಯ ಯಂತ್ರ ಸೆಕೆಂಡಿಗೆ ಸುಮಾರು ಒಂದು ಸಲ, ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು ಮಾತ್ರ ಹೊಡೆಯುತ್ತದೆ. ಅದರ ಶಕ್ತಿಗೆ ಮಿತಿಯಿದೆ. ಹೊಡೆತಗಳ ನಡುವೆ ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ. ಈ ಟ್ರಾನ್ಸ್‌ಫಾರ್ಮರ್ ಬಿಡುವಿಲ್ಲದೆ ಹರಿಸುತ್ತಲೇ ಇರುತ್ತದೆ. ಹಂದಿ, ಆನೆಗಳ ಕಾಟಕ್ಕೆ ಬೇಸತ್ತು ಯಾರಾದರೂ ಇದನ್ನು ಬೇಲಿಗೆ ಜೋಡಿಸುವ ಯೋಚನೆ ಮಾಡಿದ್ದರೆ ಇಂದೇ ಕೈಬಿಡತಕ್ಕದ್ದು. ಸಾಯುವುದು ಹಂದಿಯೇ ಆಗಬೇಕೆಂದಿಲ್ಲ, ಬೆಳಿಗ್ಗೆ ಕೆಲಸಕ್ಕೆ ಬರುವ ಆಳೂ ಆಗಬಹುದು. ಅದು ಅಪರಾಧವೂ ಹೌದು.

ಪ್ಲಗ್ ತೆಗೆದ ಮೇಲೂ ಅಪಾಯ

ಒಲೆಯ ಕೆಪಾಸಿಟರ್ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ನಿಧಾನವಾಗಿ ಇಳಿಸುವ ರೆಸಿಸ್ಟರ್ ಇರುತ್ತದಾದರೂ, ಕೆಟ್ಟ ಒಲೆಯಲ್ಲಿ ಅದೂ ಕೆಟ್ಟಿರಬಹುದು. ಆದ್ದರಿಂದ ಗುಜರಿಗೆ ಹಾಕುವ ಮೊದಲು ತಾಮ್ರದ ಆಸೆಗೆ ಒಲೆಯನ್ನು ಬಿಚ್ಚಲು ಹೋಗಬಾರದು.

ಬೇರೆ ದೇಶದ ಅನುಭವ

ಈ ಚಿತ್ತಾರಕ್ಕೆ ಲಿಖ್ಟೆನ್‌ಬರ್ಗ್ ಚಿತ್ರವೆಂದು ಹೆಸರು. ಜರ್ಮನಿಯ ಗಟಿಂಗೆನ್ನಿನಲ್ಲಿ ವಿಜ್ಞಾನಿ ಲಿಖ್ಟೆನ್‌ಬರ್ಗ್ 1777ರಲ್ಲಿ ವಿದ್ಯುತ್ತು ತಾಗಿದ ಫಲಕದ ಮೇಲಿನ ಧೂಳಿನಲ್ಲಿ ಇಂಥ ಕವಲುಗಳನ್ನು ಕಂಡರು. ಇತ್ತೀಚೆಗೆ ಇದನ್ನು ಮರದ ಮೇಲೆ ಸುಡುವ ಹವ್ಯಾಸ ಅಮೆರಿಕದಲ್ಲಿ ಹಬ್ಬಿ, 30ಕ್ಕಿಂತ ಹೆಚ್ಚು ಸಾವುಗಳು ವರದಿಯಾಗಿವೆ. ಅಲ್ಲಿನ ಮರ ಕಡೆಯುವವರ ರಾಷ್ಟ್ರೀಯ ಸಂಘವು 2017ರಲ್ಲಿ ತನ್ನ ಕಾರ್ಯಕ್ರಮಗಳಲ್ಲಿ ಇದನ್ನು ನಿಷೇಧಿಸಿತು. 2022ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಇದೇ ಕೆಲಸದಲ್ಲಿ ಇಬ್ಬರು ಸತ್ತರು. ಮನೆಗೂ ಬೆಂಕಿ ಬಿತ್ತು. ಮರಗೆಲಸ ಬಲ್ಲವರೇ ಬೇಡವೆಂದು ಬಿಟ್ಟದ್ದನ್ನು ನಾವು ಕಲಿಯಬೇಕೇ?

ಅನಾಹುತವಾದರೆ

ಬಿದ್ದವರನ್ನು ಮುಟ್ಟಬೇಡಿ. ಕೋಲಿನಿಂದ ತಳ್ಳಲೂ ಹೋಗಬೇಡಿ. ಇಷ್ಟು ವೋಲ್ಟಿಗೆ ಒಣ ಕೋಲನ್ನೂ ನಂಬುವಂತಿಲ್ಲ. ಮೊದಲು ಮೈನ್ ಸ್ವಿಚ್ ಆರಿಸಿ. ನಂತರ 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದೆ ಉಸಿರು ನಿಂತಿದ್ದರೆ ಎದೆಯ ನಡುಭಾಗವನ್ನು ಎರಡು ಅಂಗುಲದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ, ಸಹಾಯ ಬರುವವರೆಗೂ ಒತ್ತುತ್ತಿರಿ. ಎದ್ದು ಕುಳಿತು ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಹೊರಗೆ ಸಣ್ಣ ಸುಟ್ಟ ಗುರುತಿದ್ದರೂ ಒಳಗಿನ ಗಾಯ ದೊಡ್ಡದಿರಬಹುದು.

ಕೊನೆಯದಾಗಿ

ಹುಡುಗನ ಕುಶಲತೆಯನ್ನು ನಾವು ಹಳಿಯುವುದಿಲ್ಲ. ಕೈಯಲ್ಲಿ ಕಸುಬಿರುವ ಮಕ್ಕಳು ತೋಟದಲ್ಲಿ ಉಳಿಯುವುದೇ ಅಪರೂಪವಾಗಿದೆ. ಆ ಹತ್ತು ಹಲಗೆಗಳ ಆರ್ಡರನ್ನು ರದ್ದುಮಾಡಿಲ್ಲ, ಬದಲಾಯಿಸಿದ್ದೇವೆ. ಕಾಯಿಸಿದ ತುದಿಯಿಂದ ಮರ ಸುಟ್ಟು ಚಿತ್ರ ಬರೆಯುವ ಪೆನ್ನು ಪೇಟೆಯಲ್ಲಿ ಸಿಗುತ್ತದೆ. ಅದರಲ್ಲಿ ತಪ್ಪಿದರೆ ಬೆರಳು ಸುಟ್ಟೀತು, ಪ್ರಾಣ ಹೋಗದು. ಸಾಗರ, ಸೊರಬದ ಗುಡಿಗಾರರು ಬರಿಯ ಉಳಿಯಿಂದಲೇ ಗಂಧದ ಮರದಲ್ಲಿ ಏನೆಲ್ಲ ಮೂಡಿಸಿಲ್ಲ! ಮೊದಲ ಎರಡು ಹಲಗೆ ಪೆನ್ನಿನಲ್ಲೇ ಮಾಡಿ ತಂದಿದ್ದಾನೆ. ಗೆರೆ ಸ್ವಲ್ಪ ದಪ್ಪವಾಗಿದೆ. ಕಚೇರಿಯ ಗೋಡೆಗೆ ತೂಗುಹಾಕಿದ್ದೇವೆ, ಬಂದವರು ನೋಡಬಹುದು.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಕೆಟ್ಟ ಮೈಕ್ರೋವೇವ್ ಒಲೆಗಳನ್ನು ಬಿಚ್ಚದೆ ಇಡಿಯಾಗಿ ಸಂಘದ ಗೋದಾಮಿಗೆ ತಂದುಕೊಡಿ. ನೋಂದಾಯಿತ ಇ-ತ್ಯಾಜ್ಯದವರಿಗೆ ಒಟ್ಟಿಗೆ ಕಳಿಸೋಣ. ಮನೆಯ ಮಕ್ಕಳು ಹೊಸದೇನನ್ನಾದರೂ ಮಾಡಿ ತಂದಾಗ ಭೇಷ್ ಎನ್ನುವ ಮೊದಲು, ಹೇಗೆ ಮಾಡಿದೆ ಮಗಾ ಎಂದು ಒಂದು ಮಾತು ಕೇಳಿ. ನಾವು ಕೇಳದೆ ತಪ್ಪಿದೆವು, ನೀವು ತಪ್ಪಬೇಡಿ.

— ಕಾರ್ಯದರ್ಶಿ