ಕಾಲು ಬಾತರೆ ತಿಕ್ಕಬೇಡಿ

ಹೆರಿಗೆಯಾಗಿ 15 ದಿನ. ಬಾಣಂತಿಯ ಎಡಗಾಲು ಬಾತಿತ್ತು. ಮೀನಖಂಡ ನೋಯುತ್ತಿತ್ತು. ಮುಟ್ಟಿದರೆ ಬಿಸಿ.

ಅವ್ವ ಎಣ್ಣೆ ಬಟ್ಟಲು ತಂದಳು. "ವಾಯು ಹಿಡ್ಕಂಡದೆ. ತಿಕ್ಕಿದ್ರೆ ಹೋಗ್ತದೆ" ಅಂದಳು.

ಅಷ್ಟರಲ್ಲಿ ನರ್ಸಮ್ಮ ಬಂದರು. "ಬೇಡ ಕಣಮ್ಮ, ತಿಕ್ಕಬೇಡ. ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು" ಅಂದರು.

ಆಸ್ಪತ್ರೆಯಲ್ಲಿ ಕಾಲಿಗೆ ಸ್ಕ್ಯಾನ್ ಮಾಡಿದರು. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ರಕ್ತ ಯಾಕೆ ಹೆಪ್ಪುಗಟ್ಟುತ್ತದೆ?

ಗಾಯವಾದರೆ ರಕ್ತ ಹೆಪ್ಪುಗಟ್ಟಬೇಕು. ಇಲ್ಲದಿದ್ದರೆ ಸೋರುವುದು ನಿಲ್ಲುವುದಿಲ್ಲ. ಆದರೆ ನಾಳದ ಒಳಗೇ ಹೆಪ್ಪುಗಟ್ಟಿದರೆ ಅಪಾಯ. ಬಸುರಿ, ಬಾಣಂತಿಯರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಹೆರಿಗೆಯಾದ ಮೇಲೆ 6 ವಾರ ಎಚ್ಚರ ಬೇಕು. ಬಾಣಂತಿ ಸದಾ ಮಲಗಿರಬಾರದು. ಎದ್ದು ಓಡಾಡಬೇಕು. ಸಾಕಷ್ಟು ನೀರು ಕುಡಿಯಬೇಕು.

ಹೆಪ್ಪಿನ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅದಕ್ಕೇ ಕಾಲು ತಿಕ್ಕಬಾರದು.

ಮನೆಯಲ್ಲೇ ಸೂಜಿ

ಹಿಂದೆ ಈ ಕಾಯಿಲೆಗೆ ಆಸ್ಪತ್ರೆಯಲ್ಲೇ ಇರಬೇಕಿತ್ತು. ಕೈಗೆ ಹೆಪರಿನ್ ಡ್ರಿಪ್ ಹಾಕುತ್ತಿದ್ದರು. 1996ರಲ್ಲಿ ಕೆನಡಾ ಮತ್ತು ನೆದರ್ಲೆಂಡ್ಸ್ ವೈದ್ಯರು ಹೊಸ ದಾರಿ ತೋರಿಸಿದರು. ಅನೇಕ ರೋಗಿಗಳಿಗೆ ಮನೆಯಲ್ಲೇ ಸೂಜಿ ಕೊಟ್ಟರೂ ಅಷ್ಟೇ ಗುಣವಾಗುತ್ತದೆ ಎಂದು ತಿಳಿಯಿತು.

ನಮ್ಮ ಬಾಣಂತಿಗೆ ಡಾಕ್ಟರು ಎನಾಕ್ಸಪರಿನ್ ಬರೆದುಕೊಟ್ಟರು. ಇದು ಔಷಧಿ ತುಂಬಿಯೇ ಬರುವ ಸಿರಿಂಜು. ತೂಕ ನೋಡಿ ಅಳತೆ ಹೇಳಿದರು. 12 ಗಂಟೆಗೆ ಒಂದು ಸೂಜಿ. ಮಗುವಿಗೆ ಹಾಲು ಕೊಡಬಹುದು ಎಂದರು. ಚುಚ್ಚುವ ರೀತಿಯನ್ನು ನರ್ಸಮ್ಮ ಕಲಿಸಿದರು:

1. ಸೋಪು ಹಾಕಿ ಕೈ ತೊಳೆಯಿರಿ.
2. ಹೊಟ್ಟೆಯ ಪಕ್ಕದಲ್ಲಿ, ಹೊಕ್ಕುಳಿಂದ 2 ಅಂಗುಲ ದೂರ ಬಿಟ್ಟು ಚುಚ್ಚಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.
3. ಸಿರಿಂಜು ಪೂರ್ತಿ ಚುಚ್ಚುವುದಾದರೆ ಒಳಗಿನ ಗಾಳಿಗುಳ್ಳೆ ತೆಗೆಯಬೇಡಿ.
4. ಚರ್ಮ ಹಿಡಿದೆತ್ತಿ. ಸೂಜಿ ನೇರವಾಗಿ ಪೂರ್ತಿ ಹೋಗಲಿ. ಔಷಧಿ ನಿಧಾನ ಬಿಡಿ.
5. ಆಮೇಲೆ ಆ ಜಾಗ ಉಜ್ಜಬೇಡಿ.
6. ಬಳಸಿದ ಸೂಜಿಯನ್ನು ಗಟ್ಟಿ ಡಬ್ಬಿಗೆ ಹಾಕಿ. ಡಬ್ಬಿಯನ್ನು ಆಸ್ಪತ್ರೆಗೆ ಕೊಡಿ.

ಬಾಣಂತಿ ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಬರೆದಳು: ಬೆಳಿಗ್ಗೆ 8, ಎಡ. ರಾತ್ರಿ 8, ಬಲ.

ಕೆಲವು ದಿನಕ್ಕೆ ಬಾವು ಇಳಿಯಿತು. ಅವ್ವ ಅಂದಳು, "ಇನ್ಯಾಕೆ ಸೂಜಿ? ಸುಮ್ನೆ ದುಡ್ಡು ದಂಡ."

ಮಗಳು ಆಸ್ಪತ್ರೆ ಚೀಟಿ ಓದಿದಳು. "3 ತಿಂಗಳು ಅಂತ ಬರ್ದವ್ರೆ ಕಣವ್ವ. ಈ ಔಷಧಿ ಹೆಪ್ಪನ್ನ ಕರಗಿಸಲ್ಲ, ಬೆಳೆಯದ ಹಾಗೆ ತಡೀತದೆ. ಕರಗಿಸೋದು ನಮ್ಮ ಮೈಯೇ. ಅದಕ್ಕೆ ಟೈಮು ಬೇಕು. ಈಗ ಬಿಟ್ರೆ ಹೆಪ್ಪು ಮತ್ತೆ ಬೆಳೀತದೆ."

ಅವ್ವ ತಲೆಯಾಡಿಸಿದಳು.

ನೆನಪಿಡಿ

* ಡಾಕ್ಟರು ಹೇಳುವ ತನಕ ಸೂಜಿ ನಿಲ್ಲಿಸಬೇಡಿ.
* ಒಂದು ಹೊತ್ತು ತಪ್ಪಿದರೆ ಒಟ್ಟಿಗೆ ಎರಡು ಚುಚ್ಚಬೇಡಿ. ಡಾಕ್ಟರನ್ನು ಕೇಳಿ.
* ಅಂಗಡಿಯ ನೋವಿನ ಮಾತ್ರೆ ನುಂಗಬೇಡಿ. ಕೆಲವು ಮಾತ್ರೆಗಳಿಂದ ರಕ್ತ ಸೋರುತ್ತದೆ.
* ಮಲ ಕಪ್ಪಾದರೆ, ಬಾಣಂತಿಗೆ ರಕ್ತ ಹೆಚ್ಚು ಹೋದರೆ ತಕ್ಷಣ ಆಸ್ಪತ್ರೆಗೆ ಹೋಗಿ.
* ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಬಂದರೆ 108ಕ್ಕೆ ಫೋನ್ ಮಾಡಿ.

ಓದಿ, ಮಾತಾಡಿ

1. ಬಾತ ಕಾಲನ್ನು ಯಾಕೆ ತಿಕ್ಕಬಾರದು?
2. ಬಾವು ಇಳಿದ ಮೇಲೂ ಸೂಜಿ ಯಾಕೆ ಬೇಕು?
3. ನಿಮ್ಮ ಊರಿನಲ್ಲಿ ಬಾಣಂತಿಯರು ಎಷ್ಟು ದಿನ ಮಲಗಿರುತ್ತಾರೆ? ಎಷ್ಟು ನೀರು ಕುಡಿಯುತ್ತಾರೆ?