ಉಷ್ಣಚಿಕಿತ್ಸೆಗೆ ಮುನ್ನ

ಡೊಂಬಿವಲಿ, ಮುಲುಂಡಗಳಿಂದ ಲೋಕಲ್ ಗಾಡಿಯಲ್ಲಿ ನಿಂತೇ ಕಛೇರಿಗೆ ಹೋಗಿಬರುವ ಸೋದರಿಯರೇ, ಗರ್ಭಕೋಶದ ಒಳಪದರವು ಅದರ ಸ್ನಾಯುಭಿತ್ತಿಯನ್ನು ಹೊಕ್ಕು ಬೆಳೆದು ಅತಿಸ್ರಾವವನ್ನೂ ತೀವ್ರ ವೇದನೆಯನ್ನೂ ಉಂಟುಮಾಡುವ ಅಡಿನೋಮಯೋಸಿಸ್ ಎಂಬ ವ್ಯಾಧಿಗೆ, ಸೂಜಿಯಿಂದಾಗಲಿ ಶ್ರವಣಾತೀತ ತರಂಗಗಳಿಂದಾಗಲಿ 60 ಡಿಗ್ರಿ ಸೆಲ್ಸಿಯಸ್ ಮೀರಿದ ಉಷ್ಣವನ್ನು ತಲುಪಿಸಿ ರೋಗಗ್ರಸ್ತ ಭಾಗವನ್ನು ನಾಶಪಡಿಸುವ ಚಿಕಿತ್ಸೆಯನ್ನು ವೈದ್ಯರು ಸೂಚಿಸಿದರೆ, ಹಾರ್ಮೋನು ಕೆಟ್ಟು ಅಕಾಲದಲ್ಲಿ ಮುಟ್ಟು ನಿಂತೀತೆಂದು ಹೆದರಿ ರಕ್ತಹೀನತೆಯನ್ನು ವರ್ಷಗಟ್ಟಲೆ ಸಹಿಸಬೇಡಿರಿ. ಹಾರ್ಮೋನುಗಳನ್ನು ಸ್ರವಿಸುವುದು ಅಂಡಾಶಯ; ಉಷ್ಣವು ತಾಗುವುದು ಗರ್ಭಕೋಶದ ಭಿತ್ತಿಗೆ; ಆದ್ದರಿಂದ ಸಾಮಾನ್ಯವಾಗಿ ಅಂಡಾಶಯದ ಕಾರ್ಯಕ್ಕೆ ಭಂಗ ಬಾರದು. ಕೆಲವೊಮ್ಮೆ ಜೊತೆಗೆ ಕೊಡುವ, ಅಂಡಾಶಯವನ್ನು ನಿಗ್ರಹಿಸುವ ಚುಚ್ಚುಮದ್ದಿನಿಂದ ಮೈ ಬಿಸಿಯೇರಿ ಬೆವರಬಹುದು, ಅದು ತಾತ್ಕಾಲಿಕ.

ಆದರೆ ಅಂಡಾಶಯವು ಎಂದಿನಂತೆ ದುಡಿಯುತ್ತಿರುವುದರಿಂದಲೇ ಉಳಿದ ರೋಗಾಂಶವು ಮತ್ತೆ ಚಿಗುರಬಹುದು, ನೋವು ಶಮನವಾಯಿತೆಂದು ಮರುತಪಾಸಣೆಯನ್ನು ಬಿಡಕೂಡದು. ಗರ್ಭಕೋಶದ ಒಳಪದರವನ್ನೇ ಸುಡುವ ಚಿಕಿತ್ಸೆ ಬೇರೆಯದು. ಅದಾದ ಮೇಲೆ ಮುಟ್ಟು ನಿಂತರೂ ಗರ್ಭ ನಿಲ್ಲಬಹುದು, ಅಂಥ ಗರ್ಭ ಅಪಾಯಕರ. ಮಕ್ಕಳ ಅಪೇಕ್ಷೆಯುಳ್ಳವರು ಸಂಕೋಚವನ್ನು ತೊರೆದು ಮೊದಲೇ ಹೇಳಿರಿ. ಸಂದೇಹವಿದ್ದರೆ ಸ್ಕ್ಯಾನಿನ ಕಾಗದಗಳೊಡನೆ, 1886ರಿಂದ ಸ್ತ್ರೀಯರ ಶುಶ್ರೂಷೆ ನಡೆಸುತ್ತಿರುವ ಮುಂಬಯಿಯ ಕಾಮಾ ಆಸ್ಪತ್ರೆಯಂಥ ಕಡೆ ಇನ್ನೊಬ್ಬ ಸ್ತ್ರೀರೋಗತಜ್ಞರನ್ನು ಕಂಡು, ಉಷ್ಣವು ತಾಗುವುದು ಯಾವ ಭಾಗಕ್ಕೆಂಬುದನ್ನು ಕೇಳಿ ತಿಳಿದೇ ಒಪ್ಪಿಗೆಯ ಸಹಿ ಹಾಕಿರಿ.